ಸಿದ್ದಪ್ಪನ ಹೆಬ್ಬೆಟ್ಟು

ಪೇಪರಿನ ಈ ವಾರದ ಬರಹಕ್ಕೆ ನಾನು ಕೊಟ್ಟ ಬೆಲೆ ಎರಡು. ಒಂದು, ನನ್ನ ಕೈಗಡಿಯಾರ. ಇನ್ನೊಂದು, ಆ ಗಡಿಯಾರವನ್ನು ಮುಂದಿನ ಯುಗಾದಿಗೆ ಸಲೀಸಾಗಿ ವಾಪಸ್ ಗೆಲ್ಲಬಹುದಾಗಿದ್ದ ಒಂದು ಗುಟ್ಟು. ಗಡಿಯಾರ ಆಗಲೇ ಹೋಗಿದೆ. ಗುಟ್ಟು ಈ ಬರಹ ಮುಗಿಯುವಷ್ಟರಲ್ಲಿ ಹೋಗುತ್ತದೆ.

ಯಾಕೆ ಹೋಯಿತು ಗಡಿಯಾರ? ಎದುರು ಕೂತವನ ಹೆಬ್ಬೆಟ್ಟು ಅಲುಗಿತು. ಅವನು ಹೆದರಿದ್ದಾನೆ ಅಂದುಕೊಂಡೆ. ಅಷ್ಟೇ.

(ನಗಬೇಡಿ. ನೀವು ಆ ಜಾಗದಲ್ಲಿದ್ದರೆ ನಿಮ್ಮ ಗಡಿಯಾರವೂ ಹೋಗುತ್ತಿತ್ತು. ನಮ್ಮ ಮಾರುಕಟ್ಟೆಯವರಾಗಿದ್ದರಂತೂ ಖಂಡಿತ.)

ದಾವಣಗೆರೆಯ ಹತ್ತಿ ಮಾರುಕಟ್ಟೆ ನೋಡದವರಿಗಾಗಿ ಒಂದು ಮಾತು. ಇಲ್ಲಿ ದಲಾಲರು ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಕೈಗೆ ಕೈ ಕೊಡುತ್ತಾರೆ, ಮೇಲೊಂದು ಟವಲ್ ಬೀಳುತ್ತದೆ, ಅದರ ಕೆಳಗೆ ಬೆರಳುಗಳೇ ಮಾತಾಡುತ್ತವೆ. ಇಷ್ಟು ಬೆರಳು ಹಿಡಿದರೆ ಇಷ್ಟು ಬೆಲೆ. ಸುತ್ತ ನಿಂತ ಹತ್ತು ಜನಕ್ಕೆ ಕಾಣುವುದು ಟವಲ್ ಮಾತ್ರ. ನಾನು ಇದೇ ಮಾರುಕಟ್ಟೆಯಲ್ಲಿ ಚೀಲ ಹೊತ್ತು ಶುರುಮಾಡಿದವನು. ಇವತ್ತು ನನ್ನದೇ ಗಾದಿ, ನನ್ನದೇ ತಕ್ಕಡಿ. ಯಾರೂ ಕೈ ಹಿಡಿದು ಮೇಲೆತ್ತಲಿಲ್ಲ. ನಾನೇ ಬೇರೆಯವರ ಕೈ ಹಿಡಿದು ಮೇಲೆ ಬಂದೆ, ಟವಲಿನ ಕೆಳಗೆ.

ಅಲ್ಲಿ ಕಲಿತ ಪಾಠ ಇದು: ಮುಖ ಸುಳ್ಳು ಹೇಳಬಲ್ಲದು, ಹೆಬ್ಬೆಟ್ಟಿಗೆ ಅದು ಬರುವುದಿಲ್ಲ. ಎದುರಿನವನ ಹೆಬ್ಬೆಟ್ಟು ಅಲುಗಿತೋ, ಅವನ ಕೊನೆಯ ಬೆಲೆ ಬಂತು. ಇನ್ನು ಅವನಲ್ಲಿ ಬಿಡಲು ಏನೂ ಉಳಿದಿಲ್ಲ. ಮಾರುಕಟ್ಟೆಯಲ್ಲಿ ಎಲ್ಲರೂ ಇದನ್ನು ಬಲ್ಲರು. ಇದರ ಮೇಲೆಯೇ ನಮ್ಮ ಅನ್ನ.

ಈಗ ಯುಗಾದಿಗೆ ಬರೋಣ. ವರ್ಷದಲ್ಲಿ ಆ ಒಂದು ದಿನ ಇಸ್ಪೀಟು ಮುಟ್ಟಿದರೆ ನಮ್ಮ ಮನೆಗಳಲ್ಲಿ ಬೈಗುಳ ಇಲ್ಲ. ಹೋಳಿಗೆ ಊಟ ಮುಗಿದ ಮೇಲೆ ಜಿನ್ನಿಂಗ್ ಕಾರ್ಖಾನೆಯ ಕಾಂಪೌಂಡಿನಲ್ಲಿ, ಬೇವಿನ ನೆರಳಿಗೆ ಜಮಖಾನ ಹಾಸುತ್ತೇವೆ. ಆಡುವುದು ಮೂರೆಲೆ. ಗೊತ್ತಿಲ್ಲದವರಿಗೆ: ತಲಾ ಮೂರು ಎಲೆ. ನನ್ನದು ನಿನಗೆ ಕಾಣದು, ನಿನ್ನದು ನನಗೆ ಕಾಣದು. ಎಲೆ ಚೆನ್ನಾಗಿದ್ದರೆ ಪಣ ಏರಿಸು, ಚೆನ್ನಾಗಿಲ್ಲದಿದ್ದರೆ ಒಗೆದುಬಿಡು. ಎಲೆ ಕೆಟ್ಟದಿದ್ದೂ ಧೈರ್ಯ ಇದ್ದರೆ ಆಗಲೂ ಏರಿಸು. ಎಲ್ಲರೂ ಹೆದರಿ ಒಗೆದರೆ ನಡುವೆ ಬಿದ್ದದ್ದೆಲ್ಲ ನಿನ್ನದು. ಅಂದರೆ ಎಲೆ ಕೊಡುವುದು ನಸೀಬು. ಮುಂದಿನದು ನಮ್ಮ ಕೈಲಿದೆ. ಹಾಗಂತ ನಾವು ತಿಳಿದಿದ್ದೆವು.

ನಮ್ಮ ಆಟದಲ್ಲಿ ದಲಾಲನಲ್ಲದವನು ಒಬ್ಬನೇ, ಸಿದ್ದಪ್ಪ. ಆನಗೋಡಿನ ಕಡೆಯವನು, ನಮ್ಮ ಹಿಂದಿನ ಸಾಲಿನ ಮನೆ. ಮಿಲ್ಲಿನ ಸ್ಪಿನ್ನಿಂಗ್ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಕೆಲಸ. ನೆರೆಯವನು ಅಂತ ಮೂರು ಯುಗಾದಿಯ ಹಿಂದೆ ನಾನೇ ಕರೆದೊಯ್ದು ಕೂರಿಸಿದ್ದೆ. ಮೊದಲ ವರ್ಷ ಗೆದ್ದ. ಎರಡನೇ ವರ್ಷವೂ ಗೆದ್ದ.

ಈ ವರ್ಷ ಆಟ ಏರಿ ಏರಿ ನಾವಿಬ್ಬರೇ ಉಳಿದೆವು. ನನ್ನ ಕೈಲಿ ಎರಡು ರಾಜ. ಒಳ್ಳೆಯ ಎಲೆ. ಆದರೂ ಅನುಮಾನ ಇತ್ತು. ಸಿದ್ದಪ್ಪನ ಮುಖ ನೋಡಿದೆ, ಏನೂ ಇಲ್ಲ. ಕೈ ನೋಡಿದೆ. ಎಲೆಯ ಅಂಚಿನಲ್ಲಿ ಅವನ ಹೆಬ್ಬೆಟ್ಟು ತೋರುಬೆರಳಿನ ಮೇಲೆ ಸರ ಸರ ಉಜ್ಜುತ್ತಿತ್ತು.

ಆಹಾ, ಸಿಕ್ಕಿಬಿದ್ದೆ ಮಗನೇ, ಅಂದುಕೊಂಡೆ.

ಜೇಬಿನದು ಮುಗಿದಿತ್ತು. ಗಡಿಯಾರ ಬಿಚ್ಚಿ ನಡುವೆ ಇಟ್ಟೆ. ಸಿದ್ದಪ್ಪ ನಿಧಾನವಾಗಿ ಎಲೆ ಬಿಡಿಸಿ ಹಾಸಿದ. ಏಳು, ಏಳು, ಏಳು. ಒಂದೇ ಅಂಕಿಯ ಮೂರೆಲೆಯ ಮುಂದೆ ಎರಡು ರಾಜ ಏನೂ ಅಲ್ಲ.

ಸುತ್ತ ಇದ್ದವರೆಲ್ಲ ನಸೀಬು ನಸೀಬು ಅಂತ ತಲೆಯಾಡಿಸಿದರು. ಅವರಿಗೇನು, ಹೋದದ್ದು ಅವರ ಗಡಿಯಾರವೇ? ನನಗೆ ಮಾತ್ರ ಆ ಮಾತು ಚುಚ್ಚಿತು. ಸಿದ್ದಪ್ಪ ಬರೀ ನಸೀಬಿನಿಂದ ಗೆದ್ದಿದ್ದರೆ, ಕಣ್ಣುಮುಚ್ಚಿ ಗಡಿಯಾರ ಇಟ್ಟ ನಾನು ದಡ್ಡ ಆದೆ. ಅವನು ದೊಡ್ಡ ಆಟಗಾರನಾಗಿದ್ದರೆ? ಆಗ ದೊಡ್ಡ ಆಟಗಾರನ ಮುಂದೆ ಸೋತ ಮರ್ಯಾದಸ್ಥ ನಾನು. ಯಾವುದು ಲಾಭ? ವ್ಯಾಪಾರಿಗೆ ಇದನ್ನು ಹೇಳಿಕೊಡಬೇಕೇ?

ಎಲ್ಲರಿಗೂ ಕೇಳುವ ಹಾಗೆ ಸಿದ್ದಪ್ಪನ ಬೆನ್ನು ತಟ್ಟಿದೆ. ಮೂರು ವರ್ಷ ಸಾಲಾಗಿ ಗೆಲ್ಲುವುದು ನಸೀಬಿನ ಕೆಲಸವಲ್ಲ, ಇವನ ಕೈಯಲ್ಲಿ ವಿದ್ಯೆ ಇದೆ, ಇಂಥ ಕೈ ಮಿಲ್ಲಿನಲ್ಲಿ ನೂಲು ಹಿಡಿದುಕೊಂಡು ಕೂತಿದೆಯಲ್ಲ ಅಂದೆ.

ನನ್ನ ಮಾನ ಉಳಿಯಿತು. ಆ ಮಾತನ್ನು ಸಿದ್ದಪ್ಪ ಮನೆಗೆ ಹೊತ್ತುಕೊಂಡು ಹೋದದ್ದು ನನಗೆ ಗೊತ್ತಾಗಲಿಲ್ಲ.

ಹದಿನೈದು ದಿನ ಕಳೆದು ಅವನು ನನ್ನ ಗಾದಿಗೆ ಬಂದ. ಕೈಲಿ ನನ್ನ ಗಡಿಯಾರ. (ನನಗಿಂತ ಅವನಿಗೇ ಚೆನ್ನಾಗಿ ಒಪ್ಪುತ್ತಿತ್ತು, ಅದೊಂದು ಸಂಕಟ.) ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದುಕೊಡಬೇಕು ಅಂದ. ಏನು ಕಾಗದ? ಮಿಲ್ಲಿಗೆ ರಾಜೀನಾಮೆ. ಹರಿಹರದಲ್ಲಿ ಸ್ಟೇಷನ್ ಹತ್ತಿರ ಮೂರೆಲೆ ಆಡುವ ಒಂದು ರೂಮು ಇದೆಯಂತೆ. ಯಂತ್ರದ ಕಾರ್ಖಾನೆಯವರು, ಅಂಗಡಿಯವರು ಬರುತ್ತಾರಂತೆ. ದಿನಾ ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬಂದರೆ ಆಯಿತು, ವರ್ಷಕ್ಕೊಂದು ಯುಗಾದಿಯ ಬದಲು ದಿನಕ್ಕೊಂದು ಯುಗಾದಿ.

ನಾನೇನು ಮಾಡಿದೆ? ತಡೆದೆನೇ? ಇಲ್ಲ. ಇಂಗ್ಲಿಷ್ ಕಾಗದ ಬರೆಯಲು ಯಾರಾದರೂ ಕೇಳಿದರೆ ನನಗೆ ಬೇರೆ ಏನೂ ಕಾಣುವುದಿಲ್ಲ. ಒಳ್ಳೆಯ ಹಾಳೆ ತೆಗೆದು, ದಪ್ಪ ಅಕ್ಷರದಲ್ಲಿ ಬರೆದು, ಮಡಿಸಿ ಕೊಟ್ಟೆ. ಸೋಮವಾರ ಆಫೀಸಿಗೆ ಕೊಡುವುದು ಅಂತ ಮಾತಾಯಿತು.

ಮರುದಿನ ಅವನ ಹೆಂಡತಿ ಗೌರಮ್ಮ ಮಾರುಕಟ್ಟೆಗೇ ಬಂದರು. ಹೆಣ್ಣುಮಕ್ಕಳು ಆ ಕಡೆ ಬರುವುದೇ ಅಪರೂಪ. ತಕ್ಕಡಿಯ ಪಕ್ಕ ನಿಂತರು. ಕೂಡ್ರಿ ಅಂದರೂ ಕೂರಲಿಲ್ಲ.

"ಅಣ್ಣಾರೆ, ನೀವು ಹೊಗಳಿದ್ರಂತೆ. ಈಗ ಅದನ್ನ ನೀವೇ ವಾಪಸ್ ತಗಳ್ರಿ."

ಹೊಗಳಿದ್ದನ್ನು ಹೇಗೆ ವಾಪಸ್ ತೆಗೆದುಕೊಳ್ಳುವುದಮ್ಮ ಅಂದೆ.

"ಕೊಟ್ಟೋರಿಗೆ ತಗಳಾಕೆ ಬರಂಗಿಲ್ಲೇನ್ರಿ? ಆ ಮಿಲ್ಲಿನ ಕೆಲಸ ಹೆಂಗೆ ಸಿಕ್ಕಿದ್ದು ಅಂತ ನಿಮಗೇನು ಗೊತ್ತು. ಎಂಟು ತಿಂಗಳು ಗೇಟಿನಾಗೆ ನಿಂತಿದ್ರು. ಬದಲಿ ಕೆಲಸದಾಗೆ ಆರು ವರ್ಷ. ಕಾಯಂ ಆದ ದಿವಸ ಅತ್ತಿದ್ರು. ಈಗ ಬಿಟ್ರೆ ಮತ್ತೆ ಒಳಗೆ ಬಿಡ್ತಾರೇನ್ರಿ?"

ಬಿಡುವುದಿಲ್ಲ. ಅದು ನನಗೂ ಗೊತ್ತಿತ್ತು. ಗೇಟಿನಲ್ಲಿ ನಿಂತವರ ಸಾಲು ಇವತ್ತೂ ಹಾಗೇ ಇದೆ. ಏನೋ ಸಮಾಧಾನ ಹೇಳಬೇಕಲ್ಲ, ಅವನ ಕೈಯಲ್ಲಿ ಏನೋ ಇರುವುದಂತೂ ನಿಜ ಅಂತ ಮತ್ತೆ ಶುರುಮಾಡಿದೆ.

"ಏನ್ ಕೈಯೋ," ಅಂದರು ಗೌರಮ್ಮ. "ಉಣ್ಣಾಕೆ ಕುಂತ್ರೂ ಹೆಬ್ಬೆಟ್ಟು ನಿಲ್ಲಂಗಿಲ್ಲ. ನಿದ್ದಿಯೊಳಗೂ ಉಜ್ಜತಾರೆ. ಕಡಿದ ಎಳೆ ಹೊಸೆದೂ ಹೊಸೆದೂ ಹಂಗೇ ಆಗೈತೆ. ನನ್ನ ಸೀರೆ ಸೆರಗು ಸಿಕ್ರೂ ಬಿಡಂಗಿಲ್ಲ."

ನಾನು ತಕ್ಕಡಿ ಹಿಡಿದುಕೊಂಡೆ.

ಗೊತ್ತಾಯಿತಲ್ಲ? ಸ್ಪಿನ್ನಿಂಗ್ ಮಿಷನ್ನಿನಲ್ಲಿ ನೂಲಿನ ಎಳೆ ಕಡಿಯುತ್ತಲೇ ಇರುತ್ತದೆ. ಕಡಿದದ್ದನ್ನು ಹೆಬ್ಬೆಟ್ಟು ತೋರುಬೆರಳಿನ ನಡುವೆ ಹೊಸೆದು ಕೂಡಿಸುವುದೇ ಅವನ ಕೆಲಸ. ಇಪ್ಪತ್ತು ವರ್ಷ ಹೊಸೆದ ಹೆಬ್ಬೆಟ್ಟು ಅದು. ಎಲೆ ಒಳ್ಳೆಯದಿದ್ದರೂ ಅಲುಗುತ್ತದೆ, ಕೆಟ್ಟದಿದ್ದರೂ ಅಲುಗುತ್ತದೆ. ಎಲೆಯೇ ಇಲ್ಲದಿದ್ದರೂ ಅಲುಗುತ್ತದೆ. ನಾವು ದಲಾಲರು ಅದನ್ನು ಟವಲಿನ ಕೆಳಗಿನ ಹೆಬ್ಬೆಟ್ಟು ಅಂತ ಓದಿದೆವು. ಅಗೋ ಹೆದರಿದ, ಅಂತ ಮೂರು ಯುಗಾದಿ ಒಬ್ಬರಾದ ಮೇಲೊಬ್ಬರು ಅವನ ಮೇಲೆ ಬಿದ್ದೆವು. ಒಳ್ಳೆಯ ಎಲೆ ಬಂದಾಗಲೆಲ್ಲ ಅವನಿಗೆ ಪೂರಾ ಬೆಲೆ ಕೊಟ್ಟೆವು. ಎಷ್ಟು ವರ್ಷದ ನೆರೆಯವನು, ಒಂದು ದಿನವಾದರೂ ನಾನು ಅವನ ಕೈ ನೋಡಿರಲಿಲ್ಲವೇ ಅಂತ ಕೇಳುತ್ತೀರಿ. ಪಣ ಇಲ್ಲದಾಗ ನೆರೆಯವನ ಹೆಬ್ಬೆಟ್ಟನ್ನು ಯಾರು ನೋಡುತ್ತಾರೆ ಹೇಳಿ.

ಗೌರಮ್ಮ ಹೋದ ಮೇಲೆ ನನ್ನೊಳಗಿನ ದಲಾಲ ಎದ್ದು ಕೂತ. ಈಗ ಗುಟ್ಟು ನಿನಗೊಬ್ಬನಿಗೇ ಗೊತ್ತು, ಬಾಯಿ ಮುಚ್ಚಿಕೊಂಡು, ಹೆಬ್ಬೆಟ್ಟು ನೋಡದೆ ಒಳ್ಳೆಯ ಎಲೆಗೆ ಕಾದು ಕೂತರೆ ಬರುವ ಯುಗಾದಿಗೆ ಗಡಿಯಾರವೇನು, ಸಿದ್ದಪ್ಪನ ಸೈಕಲ್ಲೂ ನಿನ್ನದೇ ಅಂದ. ಸುಳ್ಳು ಯಾಕೆ ಹೇಳಲಿ, ಸಂಜೆಯವರೆಗೆ ಆ ಲೆಕ್ಕದಲ್ಲೇ ಇದ್ದೆ. ಆಮೇಲೆ ಅವನ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ.

ಸಿದ್ದಪ್ಪ ಪೂರ್ತಿ ಕೇಳಿದ. ಆಮೇಲೆ ನಕ್ಕ.

"ಸಾವ್ಕಾರ್ರೆ, ಗಡಿಯಾರ ಬೇಕಿದ್ರೆ ಸೀದಾ ಕೇಳ್ರಿ. ಇಷ್ಟು ಸುತ್ತು ಹಾಕಿ ಯಾಕ ಬರ್ತೀರಿ?"

ಓದುಗರೇ, ನನ್ನ ಸ್ಥಿತಿ ನೋಡಿ. ಜೀವನವಿಡೀ ಚೌಕಾಸಿ ಮಾಡಿದವನು ಒಂದು ದಿನ ಪುಕ್ಕಟೆ ಮಾತು ಹೇಳಲು ಹೋದರೆ, ಇದರಲ್ಲಿ ಇವನಿಗೇನು ಗಿಟ್ಟುತ್ತದೆ ಅಂತ ಹುಡುಕುತ್ತಾರೆ. ತಪ್ಪು ಯಾರದು?

ಹಾಗಾಗಿ ಬುದ್ಧಿ ಹೇಳುವುದು ಬಿಟ್ಟು ವ್ಯಾಪಾರಕ್ಕೆ ಇಳಿದೆ. ಅದು ನನಗೆ ಬರುತ್ತದೆ. ರಾಜೀನಾಮೆ ಕಾಗದ ನನ್ನ ಕೈಲಿ ಕೊಡು. ಭಾನುವಾರ ಇಬ್ಬರೂ ಹರಿಹರಕ್ಕೆ ಹೋಗೋಣ. ಜೇಬಿನಲ್ಲಿ ಇಷ್ಟೇ ಒಯ್ಯಬೇಕು, ಮುಗಿದರೆ ಏಳಬೇಕು. ನೀನು ಗೆದ್ದರೆ ಸೋಮವಾರ ನಾನೇ ಹೋಗಿ ಕಾಗದ ಕೊಟ್ಟು ಬರುತ್ತೇನೆ. ಸೋತರೆ ಕಾಗದ ನನ್ನದು. ಸಿದ್ದಪ್ಪ ನನ್ನ ಹೆಗಲ ಟವಲ್ ಎಳೆದು ಕೈಮೇಲೆ ಹಾಕಿ, ಒಳಗೆ ನನ್ನ ಐದೂ ಬೆರಳು ಹಿಡಿದ. ಒಪ್ಪಿಗೆ. ಬಾಗಿಲ ಹಿಂದೆ ಗೌರಮ್ಮನ ಬಳೆ ಸದ್ದಾಯಿತು. ಒಪ್ಪಿಗೆಯೋ ಸಿಟ್ಟೋ ತಿಳಿಯಲಿಲ್ಲ.

ಹರಿಹರದ ಆ ರೂಮು ಒಂದು ಚಹಾದಂಗಡಿಯ ಮೇಲಿತ್ತು. ಬೆಳಗಿನ ಹತ್ತು ಗಂಟೆ. ನಾಲ್ವರು ಕೂತಿದ್ದರು. ಬಾಗಿಲ ಬಳಿ ಬಳೆ ಅಂಗಡಿಯ ರಹಮತ್ ಸಾಬರು, ಬರ್ರಿ ಕೂಡ್ರಿ ಅಂತ ಸರಿದು ಜಾಗ ಕೊಟ್ಟರು. ಎದುರಿಗೆ ಕಾರ್ಖಾನೆಯಲ್ಲಿ ಲೇತ್ ನಡೆಸುವ ಮಂಜಣ್ಣ. ಇನ್ನಿಬ್ಬರು ಅವನ ಜೊತೆಯವರು. ನಾನು ಆಡುವುದಿಲ್ಲ ಅಂತ ಹೇಳಿ ಸಿದ್ದಪ್ಪನ ಹಿಂದೆ ಕೂತೆ. ಅವನ ಎಲೆ ನನಗೆ ಕಾಣುತ್ತಿತ್ತು.

ಮೊದಲ ಅರ್ಧ ಗಂಟೆಯಲ್ಲೇ ನನಗೆ ವಿಚಿತ್ರ ಅನ್ನಿಸಿದ್ದು ಒಂದು. ಈ ಜನ ಆಡುತ್ತಲೇ ಇರಲಿಲ್ಲ. ಎಲೆ ನೋಡುವುದು, ಒಗೆಯುವುದು. ನೋಡುವುದು, ಒಗೆಯುವುದು. ಮಾತು ಮಾತ್ರ ನಿಲ್ಲದು, ನದಿ ನೀರಿಂದ ಹಿಡಿದು ಕಾರ್ಖಾನೆಯ ಹೊಸ ಸಾಹೇಬರ ಟೋಪಿಯವರೆಗೆ. ನಮ್ಮ ಬೇವಿನ ಮರದ ಕೆಳಗೆ ಎಲೆ ಒಗೆದವನನ್ನು ಹೆಣ್ಣಿಗ ಅಂತ ಹಂಗಿಸುತ್ತೇವೆ. ಇಲ್ಲಿ ಒಗೆದವನು ಆರಾಮಾಗಿ ಬೀಡಿ ಹಚ್ಚುತ್ತಿದ್ದ.

ಸಿದ್ದಪ್ಪನ ಹೆಬ್ಬೆಟ್ಟು ಉಜ್ಜುತ್ತಲೇ ಇತ್ತು. ಯಾರೂ ಅದರ ಕಡೆ ನೋಡಲಿಲ್ಲ.

ಹನ್ನೊಂದೂವರೆಯ ಸುಮಾರಿಗೆ ಅವನಿಗೆ ಎಲೆ ಬಂತು. ಮೂರು ರಾಣಿ. ಯುಗಾದಿಯ ಮೂರು ಏಳಕ್ಕಿಂತ ದೊಡ್ಡದು. ನಸೀಬು ದಾವಣಗೆರೆಯಿಂದ ನಮ್ಮ ಜೊತೆಗೇ ರೈಲು ಹತ್ತಿ ಬಂದಿದೆ ಅನ್ನಿಸಿತು. ನನ್ನ ಜೇಬಿನಲ್ಲಿದ್ದ ಕಾಗದ ಭಾರ ಆಯಿತು.

ಸಿದ್ದಪ್ಪ ಏರಿಸಿದ. ಮಂಜಣ್ಣ ತನ್ನ ಎಲೆ ನೋಡಿ ಒಗೆದ. ಉಳಿದಿಬ್ಬರೂ ಒಗೆದರು. ರಹಮತ್ ಸಾಬರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, ಅವರೂ ಒಗೆದರು.

ನಡುವೆ ಇದ್ದದ್ದು ಎಲೆ ಹಂಚುವ ಮೊದಲು ಎಲ್ಲರೂ ಹಾಕಿದ್ದ ಚಿಲ್ಲರೆ. ಐದು ಚಹಾಕ್ಕೆ ಸರಿಹೋಗುತ್ತಿತ್ತು. ಮೂರು ಏಳಕ್ಕೆ ದಾವಣಗೆರೆಯಲ್ಲಿ ಗಡಿಯಾರ ಬಂದಿತ್ತು. ಮೂರು ರಾಣಿಗೆ ಹರಿಹರದಲ್ಲಿ ಚಹಾ ಬಂತು.

ಆಮೇಲೆ ನಡೆದದ್ದು ಎಲ್ಲರಿಗೂ ನಡೆಯುವಂಥದ್ದೇ. ಇವನಿಗೆ ಒಳ್ಳೆಯ ಎಲೆ ಬಂದಾಗ ಅವರು ಆಟದಲ್ಲಿ ಉಳಿಯಲಿಲ್ಲ, ನಡುತರದ ಎಲೆ ಬಂದಾಗ ಇವನು ಒಗೆಯಲಿಲ್ಲ. ಮೂರು ಗಂಟೆಯ ಹೊತ್ತಿಗೆ ಜೇಬು ಬರಿದಾಯಿತು. ಸಿದ್ದಪ್ಪ ಗಡಿಯಾರದ ಪಟ್ಟಿಗೆ ಕೈ ಹಾಕಿದ. ನಾನು ಟವಲ್ ತೆಗೆದು ಅವನ ಕೈಮೇಲೆ ಹಾಕಿದೆ. ಅವನಿಗೆ ಮಾತು ನೆನಪಾಯಿತು. ಪಟ್ಟಿ ಬಿಟ್ಟ.

ಏಳುವಾಗ ಮಂಜಣ್ಣ ಕೇಳಿದ, "ನೀವು ಸ್ಪಿನ್ನಿಂಗ್‌ನೋರು ಅಲ್ಲೇನ್ರಿ?"

ಹೇಗೆ ಗೊತ್ತಾಯಿತು ಅಂದ ಸಿದ್ದಪ್ಪ.

"ಆ ಹೆಬ್ಬೆಟ್ಟು ನೋಡ್ರಿ. ನಮ್ಮ ಮಾವನೂ ನಿಮ್ಮೂರ ಮಿಲ್ಲಿನೋರೇ. ರಿಟೈರ್ ಆಗಿ ನಾಕು ವರ್ಷ ಆತು, ಇನ್ನೂ ಹೊಸೀತಾರೆ. ನೀವು ಕುಂತಾಗಲೇ ನಾನು ನಮ್ಮ ಮಂದಿ ಅಂದ್ಕಂಡೆ."

ಸಿದ್ದಪ್ಪ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ. ನಾನು ಹೇಳಿದಾಗ ನಕ್ಕಿದ್ದ ಮಾತು ಅದೇ. ಪರಊರಿನವನು, ಯಾವ ಗಡಿಯಾರದ ಆಸೆಯೂ ಇಲ್ಲದವನು ಹೇಳಿದ್ದರಿಂದ ಅದಕ್ಕೆ ತೂಕ ಬಂತು.

ರೈಲಿಗೆ ಹೊತ್ತಿತ್ತು. ಹೊಳೆಯ ಕಡೆ ಹೋಗಿ ಮೆಟ್ಟಿಲ ಮೇಲೆ ಕೂತೆವು. ಬೇಸಿಗೆಯ ತುಂಗಭದ್ರೆ, ನೀರಿಗಿಂತ ಮರಳೇ ಹೆಚ್ಚು. ನನಗೆ ಒಳಗೊಳಗೆ ಖುಷಿಯಾಗಬೇಕಿತ್ತು, ಗೌರಮ್ಮ ಕೊಟ್ಟ ಕೆಲಸ ಮುಗಿಸಿದ್ದೆ. ಸಿದ್ದಪ್ಪನ ಮಾತು ಅದಕ್ಕೆ ಬಿಡಲಿಲ್ಲ.

"ಇಪ್ಪತ್ತು ವರ್ಷ ಮಿಷನ್ ಹೆಂಗೆ ಹೇಳ್ತೈತೋ ಹಂಗೆ ಕೈ ಆಡ್ಸೀನಿ ಸಾವ್ಕಾರ್ರೆ. ಇದೊಂದು ನಂದು ಅಂದ್ಕಂಡಿದ್ದೆ. ಇದೂ ಮಿಷನ್ನಿಂದೇನಾ?"

ಬುದ್ಧಿ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಊರಲ್ಲಿಲ್ಲ. ಆಗ ಮಾತ್ರ ನನ್ನದೇ ತಪ್ಪಿನ ಲೆಕ್ಕ ತೆಗೆದೆ. ಮೂರು ವರ್ಷ ಅವನನ್ನು ತಪ್ಪಾಗಿ ಓದಿದವರು ನಾವು. ಅವನಿಗೆ ವಿದ್ಯೆ ಇದೆ ಅಂತ ನಂಬಿಸಿದವನು ನಾನು, ಅದೂ ನನ್ನ ಮಾನಕ್ಕೋಸ್ಕರ. ಈಗ ಅವನ ಕೈಯಿಂದ ಅದನ್ನೂ ಕಿತ್ತುಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ.

ಸುಮ್ಮನೆ ಟವಲಿನ ಅಂಚು ಎಳೆಯುತ್ತಾ ಕೂತಿದ್ದೆನಲ್ಲ, ಒಂದು ಎಳೆ ಕಿತ್ತು ಕಡಿಯಿತು. ಸಿದ್ದಪ್ಪ ಹೊಳೆ ನೋಡುತ್ತಲೇ ಕೈ ಚಾಚಿ ಎರಡು ತುದಿಯನ್ನೂ ತೆಗೆದುಕೊಂಡ. ಹೆಬ್ಬೆಟ್ಟು ಒಮ್ಮೆ ಸರಿಯಿತು. ಎಳೆ ಒಂದಾಗಿತ್ತು. ನಾನು ಕಣ್ಣ ಹತ್ತಿರ ಹಿಡಿದು ಹುಡುಕಿದೆ. ಗಂಟು ಎಲ್ಲಿದೆಯೋ ಅಂತ ಕೇಳಿದೆ.

"ಗಂಟು ಹಾಕಿದ್ರೆ ಮೇಸ್ತ್ರಿ ಬಿಡ್ತಾನೇನ್ರಿ?" ಅಂದ. ಇಷ್ಟು ಸಣ್ಣದನ್ನೂ ಕೇಳಬೇಕೇ ಅನ್ನುವ ದನಿ ಅದು.

ಹತ್ತಿಯಲ್ಲೇ ಹುಟ್ಟಿ ಬೆಳೆದ ನಾನು ಅದನ್ನು ಜನ್ಮದಲ್ಲಿ ಮಾಡಲಾರೆ. ಹಾಗಂತ ಅವನಿಗೆ ಹೇಳಿದೆ. ಈ ಸಲದ ಹೊಗಳಿಕೆಯಲ್ಲಿ ನನಗೇನೂ ಲಾಭವಿರಲಿಲ್ಲ. ಅದಕ್ಕೇ ಇರಬೇಕು, ಅವನು ನಗಲಿಲ್ಲ.

ರಾಜೀನಾಮೆ ಕಾಗದವನ್ನು ಅವನೆದುರಿಗೇ ಹರಿದೆ. ಒಳ್ಳೆಯ ಇಂಗ್ಲಿಷು ಹೋಯಿತು. ರೈಲಿನಲ್ಲಿ ಅವನು ಗಡಿಯಾರ ಬಿಚ್ಚಿ ನನಗೆ ಕೊಡಲು ಬಂದ. ಬ್ಯಾಡ ಅಂದೆ. (ಒಂದೇ ಸಲ ಅಂದೆ. ಇನ್ನೊಂದು ಸಲ ಒತ್ತಾಯ ಮಾಡಿದ್ದರೆ ತೆಗೆದುಕೊಳ್ಳುತ್ತಿದ್ದೆನೋ ಏನೋ. ಮಾಡಲಿಲ್ಲ.) ಬದಲಿಗೆ ಅವನೇ ಒಂದು ಕೇಳಿಕೊಂಡ.

"ಇದನ್ನ ಪೇಪರಿನಾಗೆ ಬರೀರಿ. ನಿಮ್ಮ ಮಾರುಕಟ್ಟೆಯೋರೆಲ್ಲ ಓದ್ತಾರಲ್ಲ. ಅವರಿಗೆ ಗೊತ್ತಾದ್ರೆ ನಾನು ಮತ್ತೆ ಕೂರಂಗಿಲ್ಲ. ಗೊತ್ತಾಗದಿದ್ರೆ ಯುಗಾದಿ ಬಂದ ಕೂಡ್ಲೆ ಕೈ ತುರಸ್ತೈತೆ."

ಅದಕ್ಕೇ ಬರೆದೆ. ಗುಟ್ಟು ಹೋಯಿತು. ಗೌರಮ್ಮ ಒಂದು ಡಬ್ಬಿ ಚಕ್ಕುಲಿ ಕಳಿಸಿದ್ದಾರೆ. ಡಬ್ಬಿ ವಾಪಸ್ ಬೇಕಂತೆ. ಸೋಮವಾರ ಬೆಳಗಿನ ಪಾಳಿಗೆ ಸಿದ್ದಪ್ಪ ಎಂದಿನಂತೆ ಸೈಕಲ್ ತುಳಿದುಕೊಂಡು ನಮ್ಮ ಮನೆಯ ಮುಂದೆ ಹೋದ. ಮಿಲ್ಲಿನ ಸೈರನ್ ಇಡೀ ಊರಿಗೆ ಕೇಳಿಸುತ್ತದೆ, ಆದರೂ ಒಮ್ಮೆ ನನ್ನ ಗಡಿಯಾರ ನೋಡಿಕೊಂಡ.

ಇನ್ನು ನಿಮಗೆ ನಾಲ್ಕು ಮಾತು. ನಾನು ಬುದ್ಧಿ ಹೇಳದೆ ಬರಹ ಮುಗಿಸಿದವನಲ್ಲ.

ಆಟವೋ ವ್ಯಾಪಾರವೋ, ಗೆದ್ದ ದಿನ ಮನೆಗೆ ಹೋಗಿ ಒಂದು ಯೋಚನೆ ಮಾಡಿ: ನನ್ನ ಎಲೆ ಗೆದ್ದಿತೋ, ಎದುರಿನವನು ಎಡವಿದ್ದಕ್ಕೆ ಗೆದ್ದೆನೋ? ಎರಡನೆಯದಾದರೆ, ಊರು ಬದಲಾಯಿಸಬೇಡಿ. ನಮ್ಮೂರಲ್ಲಿ ಎಡವುವವರು ಪಕ್ಕದೂರಲ್ಲೂ ಸಿಗುತ್ತಾರೆ ಅನ್ನುವ ಭರವಸೆ ಇಲ್ಲ. ಒಳ್ಳೆಯ ಎಲೆ ಎಲ್ಲರಿಗೂ ಒಂದಲ್ಲ ಒಂದು ದಿನ ಬರುತ್ತದೆ, ಕೆಟ್ಟ ಎಲೆಯನ್ನು ನಾಚಿಕೆಯಿಲ್ಲದೆ ಒಗೆಯುವುದನ್ನು ಹರಿಹರದವರಿಂದ ಕಲಿಯಿರಿ. ಕಾಯಂ ಕೆಲಸದ ಕಾಗದ ಮತ್ತು ಇಸ್ಪೀಟು ಒಂದೇ ಜೇಬಿನಲ್ಲಿ ಇರಬಾರದು. ಸೋತಾಗ ನಿಮ್ಮ ಮಾನ ಉಳಿಸಿಕೊಳ್ಳಲು ಗೆದ್ದವನನ್ನು ಹೊಗಳಬೇಡಿ. ಅವನು ನಂಬಿಬಿಟ್ಟಾನು.

ಮಾರುಕಟ್ಟೆಯ ನನ್ನ ಗೆಳೆಯರಿಗೆ ಒಂದೇ ಪ್ರಶ್ನೆ. ಮೂರು ಯುಗಾದಿ ನಾವೆಲ್ಲ ಸಿದ್ದಪ್ಪನ ಹೆಬ್ಬೆಟ್ಟನ್ನು ಕಣ್ಣಿಟ್ಟು ಓದಿದೆವು. ಆ ಹೆಬ್ಬೆಟ್ಟು ಉಳಿದ ದಿನವೆಲ್ಲ ಏನು ಕೆಲಸ ಮಾಡುತ್ತದೆ ಅಂತ ನಮ್ಮಲ್ಲಿ ಒಬ್ಬರಾದರೂ ಕೇಳಿದೆವಾ?